ರಾತ್ರಿಯಿಡೀ ದೀಪ ಉರಿದರೆ ಬೀದಿಮರ ಸಾಯುತ್ತದೆಯೇ?

ಓದುಗರ ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಗೆ ಹೊಂದಿಕೊಂಡಿರುವ ನಮ್ಮ ಬೀದಿಯಲ್ಲಿ ಹೊಸದಾಗಿ ಎದ್ದ ಬಹುಮಹಡಿ ಕಟ್ಟಡದ ಮುಂಭಾಗಕ್ಕೆ ಸಂಜೆಯಿಂದ ಬೆಳಗಿನವರೆಗೂ ಫೋಕಸ್ ಲೈಟ್ ಬಿಟ್ಟಿರುತ್ತಾರೆ. ಅದರ ಮುಂದಿರುವ ಮಳೆಮರಕ್ಕೂ ಪಕ್ಕದ ಹೊಂಗೆ ಮರಗಳಿಗೂ ವರ್ಷವಿಡೀ ಸೀರಿಯಲ್ ಸೆಟ್ ಸುತ್ತಿದ್ದಾರೆ. ರಾತ್ರಿ ಕತ್ತಲಿಲ್ಲದಿದ್ದರೆ ಮರ ನಿದ್ದೆಗೆಟ್ಟು ಸಾಯುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಇದು ನಿಜವೇ? ಬಿಳಿ ದೀಪ ತೆಗೆಸಿ ಹಳದಿ ದೀಪ ಹಾಕಿಸಿದರೆ ಸಾಕೇ?

ಉತ್ತರ: ಬರೀ ಬೆಳಕಿನಿಂದ ಬೆಳೆದ ಮರ ಸಾಯುವುದಿಲ್ಲ. ಆದರೆ ಬೆಳಕು ಮರದ ಋತುಮಾನದ ಲೆಕ್ಕವನ್ನು ಕೆಡಿಸಬಲ್ಲದು, ಮರವನ್ನು ನಂಬಿದ ಜೀವಿಗಳ ರಾತ್ರಿಯನ್ನು ಕಸಿದುಕೊಳ್ಳಬಲ್ಲದು. ಮರದ ಜೀವಕ್ಕೇ ಕುತ್ತು ತರುವುದು ಬಹುಮಟ್ಟಿಗೆ ಬೆಳಕಲ್ಲ, ಬೆಳಕಿನ ಜೊತೆಗೆ ಬರುವ ವೈರು ಮತ್ತು ಮೊಳೆ. ಈ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಮೂರಕ್ಕೂ ಪರಿಹಾರ ಒಂದೇ ಅಲ್ಲ.

ಮುಸ್ಸಂಜೆಯ ಮೇಲೆ ತುಳಸಿ ಕೀಳಬಾರದು, ಗಿಡ ಮಲಗಿರುತ್ತದೆ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹಳೆಯದು. ಗಿಡಕ್ಕೆ ನಮ್ಮಂತಹ ನಿದ್ದೆ ಇಲ್ಲವಾದರೂ ರಾತ್ರಿಯ ಅರಿವು ಖಂಡಿತ ಇದೆ, ಮತ್ತು ಅದನ್ನು ಬರಿಗಣ್ಣಿಗೆ ತೋರಿಸುವುದರಲ್ಲಿ ನಿಮ್ಮ ಬೀದಿಯ ಮಳೆಮರವನ್ನು ಮೀರಿಸುವ ಮರ ಇನ್ನೊಂದು ಸಿಗಲಾರದು. ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ರಸ್ತೆಬದಿಗಳಲ್ಲಿ ಬೇರೂರಿದ ಈ ಮರದ ಕಿರು ಎಲೆಗಳು ಹೊತ್ತು ಮುಳುಗುತ್ತಿದ್ದಂತೆ ಜೋಡಿಜೋಡಿಯಾಗಿ ಮಡಚಿಕೊಂಡು ಕೆಳಗೆ ಬಾಗುತ್ತವೆ, ಬೆಳಗಾಗುತ್ತಲೇ ಬಿಚ್ಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿ ಸಣ್ಣ ಗಂಟಿನಂತೆ ಉಬ್ಬಿರುವ ಭಾಗವೊಂದಿದ್ದು, ಅದರ ಒಂದು ಮಗ್ಗುಲಿನ ಜೀವಕೋಶಗಳಿಂದ ಪೊಟ್ಯಾಶಿಯಂ ಹೊರಬಿದ್ದು ನೀರೂ ಅದರ ಹಿಂದೆಯೇ ಹೊರಟಾಗ ಆ ಮಗ್ಗುಲು ಸೊರಗುತ್ತದೆ, ಎದುರು ಮಗ್ಗುಲು ನೀರು ತುಂಬಿ ಉಬ್ಬುತ್ತದೆ, ಎಲೆ ಮಡಚುತ್ತದೆ. 1970ರ ದಶಕದಲ್ಲಿ ಅಮೆರಿಕದ ಸಸ್ಯವಿಜ್ಞಾನಿ ರೂತ್ ಸ್ಯಾಟರ್ ಮತ್ತು ಅವರ ಸಹೋದ್ಯೋಗಿಗಳು ಈ ಚಲನೆಯ ಒಳಗುಟ್ಟನ್ನು ಬಿಡಿಸಲು ಆರಿಸಿಕೊಂಡದ್ದು ಇದೇ ಮಳೆಮರದ ಎಲೆಗಳನ್ನು. ಪೂರ್ತಿ ಕತ್ತಲೆಯ ಕೋಣೆಯಲ್ಲಿಟ್ಟರೂ ಎಲೆಗಳು ಕೆಲವು ದಿನ ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತವೆ. ಗಡಿಯಾರ ಎಲೆಯೊಳಗೇ ಇದೆ, ಬೆಳಕು ಅದರ ಮುಳ್ಳನ್ನು ದಿನವೂ ಸರಿಪಡಿಸುತ್ತದೆ ಅಷ್ಟೆ. ಸಂಜೆ ಏಳೂವರೆಯ ಹೊತ್ತಿಗೆ ಫೋಕಸ್ ಲೈಟಿನ ಬಾಯಿಗೇ ಸಿಕ್ಕಿರುವ ಕೊಂಬೆಯನ್ನೂ ಮರದ ಹಿಂಬದಿಯ ನೆರಳಿನಲ್ಲಿರುವ ಕೊಂಬೆಯನ್ನೂ ಒಂದರ ಪಕ್ಕ ಒಂದು ನೋಡಿ. ಎಲೆ ಮಡಚುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಂಡರೆ ಗಡಿಯಾರದ ಮೇಲೆ ದೀಪದ ಕೈವಾಡವಿದೆ ಎಂದು ತಿಳಿಯಬಹುದು.

ಮರವು ರಾತ್ರಿಯ ಉದ್ದವನ್ನು ಅಳೆಯುವುದು ಯಾತಕ್ಕೆ ಎನ್ನುವುದಕ್ಕೆ ಹಾಸನದವರಿಗೆ ಹೊಗೆಸೊಪ್ಪಿನ ಕಥೆ ಹೇಳುವುದು ಸುಲಭ. ರಾಮನಾಥಪುರದ ಹರಾಜು ಕಟ್ಟೆಯನ್ನು ಕಂಡ ಅರಕಲಗೂಡಿನ ರೈತರಿಗೆ ಪರಿಚಿತವಾದ ಈ ಬೆಳೆಯ ಒಂದು ತಳಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬೇಸಿಗೆಯಿಡೀ ಆಳೆತ್ತರ ಮೀರಿ ಬೆಳೆಯುತ್ತಿತ್ತೇ ಹೊರತು ಹೂ ಬಿಡುತ್ತಿರಲಿಲ್ಲ. ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಅದನ್ನು ಬೇಸಿಗೆಯಲ್ಲೇ ದಿನವೂ ಕೆಲವು ಗಂಟೆ ಮೊದಲೇ ಕತ್ತಲೆಯ ಗೂಡಿಗೆ ತಳ್ಳಿ ಹಗಲನ್ನು ಮೊಟಕುಗೊಳಿಸಿದಾಗ ಹೂ ಬಂತು. 1920ರಲ್ಲಿ ಪ್ರಕಟವಾದ ಈ ಶೋಧದಿಂದ, ಗಿಡಗಳು ಹಗಲಿರುಳಿನ ಉದ್ದ ನೋಡಿ ಋತುವನ್ನು ಲೆಕ್ಕ ಹಾಕುತ್ತವೆ ಎಂಬುದು ಖಚಿತವಾಯಿತು. ಆಮೇಲಿನ ದಶಕಗಳಲ್ಲಿ ಈ ಲೆಕ್ಕದ ಹಿಂದಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಪತ್ತೆಯಾಯಿತು. ಅದು ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೆ, ಕಡುಗೆಂಪಿಗೂ ಆಚೆಯ ಬೆಳಕು ಬಿದ್ದಾಗ ಇನ್ನೊಂದು ರೂಪಕ್ಕೆ ಹೊರಳುತ್ತದೆ, ಕತ್ತಲಲ್ಲಿ ನಿಧಾನವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಹಲವು ಗಿಡಗಳಿಗೆ ಆ ದೊಡ್ಡ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ತೋರುತ್ತದೆ. ಸೇವಂತಿಗೆ ಬೆಳೆಯುವವರು ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ ಹೂವನ್ನು ಬೇಕಾದ ಹಬ್ಬದವರೆಗೆ ಮುಂದೂಡುವುದು ಇದೇ ಗುಟ್ಟಿನಿಂದ. ಹೊಲದಲ್ಲಿ ಬೇಕೆಂದೇ ಮಾಡುವ ಆ ಕೆಲಸವನ್ನು ಕಟ್ಟಡದ ದೀಪವು ಬೀದಿಮರದ ಮೇಲೆ ಯಾರಿಗೂ ಬೇಡವಾಗಿ ಮಾಡುತ್ತದೆ.

ಇಲ್ಲಿ ಬೆಳಕಿನ ಪ್ರಮಾಣದ ಮಾತು ಬರಬೇಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್ ಇದ್ದರೆ, ಬೀದಿದೀಪದ ನೇರ ಕೆಳಗೆ 10ರಿಂದ 30 ಲಕ್ಸ್ ಇರುತ್ತದೆ, ಹುಣ್ಣಿಮೆಯ ಬೆಳದಿಂಗಳು 0.3 ಲಕ್ಸ್ ದಾಟುವುದಿಲ್ಲ. ಆಹಾರ ತಯಾರಿಸಲು ಎಲೆಗೆ ಬೀದಿದೀಪದ ಬೆಳಕು ಏನೇನೂ ಸಾಲದು, ಆದ್ದರಿಂದ ರಾತ್ರಿಯ ದೀಪದಿಂದ ಮರ ಹೆಚ್ಚು ಬೆಳೆಯುತ್ತದೆ ಎನ್ನುವ ವಾದಕ್ಕೆ ಹುರುಳಿಲ್ಲ. ಆದರೆ ಗಡಿಯಾರಕ್ಕೆ ಸಂಕೇತ ಮುಟ್ಟಿಸಲು ಅಷ್ಟೇ ಬೆಳಕು ಧಾರಾಳ. ದೂರ ಹೆಚ್ಚಿದಂತೆ ಬೆಳಕು ಬೇಗನೆ ಕುಗ್ಗುತ್ತದೆ, ಬುಡದಲ್ಲಿ ನೆಟ್ಟ ಫೋಕಸ್ ಲೈಟಿನಿಂದ ಅರ್ಧ ಮೀಟರ್ ದೂರದ ಎಲೆಗೆ ಬೀಳುವ ಬೆಳಕಿನ ನೂರನೇ ಒಂದು ಪಾಲು ಮಾತ್ರ ಐದು ಮೀಟರ್ ಎತ್ತರದ ಎಲೆಗೆ ತಲುಪುತ್ತದೆ. ಹೀಗಾಗಿ ಕೆಡುವುದು ಇಡೀ ಮರವಲ್ಲ, ದೀಪದ ಹತ್ತಿರದ ಕೊಂಬೆಗಳು.

ದೊಡ್ಡ ನಗರಗಳಿಂದ ಬಂದಿರುವ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. 1936ರಷ್ಟು ಹಿಂದೆಯೇ ನ್ಯೂಯಾರ್ಕಿನ ಬೀದಿದೀಪಗಳ ಪಕ್ಕದ ಮರಗಳಲ್ಲಿ, ದೀಪದ ಕಡೆಯ ಕೊಂಬೆಗಳು ಚಳಿಗಾಲ ಬಂದರೂ ಎಲೆ ಉದುರಿಸದೆ ಉಳಿದದ್ದು ದಾಖಲಾಗಿದೆ. ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಾತ್ರಿ ಹೆಚ್ಚು ಬೆಳಕಿರುವ ಜಾಗಗಳ ಮರಗಳು ಏಳೂವರೆ ದಿನದವರೆಗೂ ಮುಂಚೆ ಚಿಗುರಿದ್ದು ಕಂಡುಬಂತು. ಆದರೆ ಈ ಅಂಕಿಗಳನ್ನು ಎತ್ತಿ ಹಾಸನಕ್ಕೆ ಅಂಟಿಸುವುದು ಸರಿಯಲ್ಲ. ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ನ್ಯೂಯಾರ್ಕಿನಲ್ಲಿ ಸುಮಾರು ಆರು ಗಂಟೆ, ಬ್ರಿಟನ್ನಿನಲ್ಲಿ ಎಂಟು ಗಂಟೆಗೂ ಹೆಚ್ಚು ಅಂತರವಿದ್ದರೆ, 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ನಮ್ಮ ಹಾಸನ, ಚಿಕ್ಕಮಗಳೂರುಗಳಲ್ಲಿ ಆ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಮರಗಳು ಮಳೆ, ಒಣಹವೆ, ಮಣ್ಣಿನ ತೇವ ಇವುಗಳನ್ನೇ ಹೆಚ್ಚು ನೆಚ್ಚಿಕೊಂಡಿವೆ, ಎಲೆ ಉದುರಿಸಲು ತಡಮಾಡಿದ ಕೊಂಬೆ ಹಿಮಕ್ಕೆ ಸಿಕ್ಕಿ ಸಾಯುವ ಭಯವೂ ಇಲ್ಲಿಲ್ಲ. ಹಾಗೆಂದು ಉಷ್ಣವಲಯದ ಮರಗಳಿಗೆ ಹಗಲಿನ ಲೆಕ್ಕವೇ ಇಲ್ಲ ಎನ್ನುವಂತಿಲ್ಲ. ಮಧ್ಯ ಅಮೆರಿಕದ ಒಣ ಕಾಡುಗಳಲ್ಲಿ, ಹಗಲಿನ ಉದ್ದ ಅರ್ಧ ಗಂಟೆಯಷ್ಟು ಬದಲಾದರೂ ಅದನ್ನು ಗುರುತಿಸಿ, ಮಳೆ ಬರುವ ಮೊದಲೇ ಚಿಗುರುವ ಮರಗಳಿವೆ. ನಿಮ್ಮ ಹೊಂಗೆ ಮರಗಳು ಯುಗಾದಿಗೆ ಮುಂಚೆ ಎಲೆ ಕಳಚಿ ಹೊಸ ಚಿಗುರಿಗೆ ಸಿದ್ಧವಾಗುವಾಗ ದೀಪದ ಬದಿಯ ಕೊಂಬೆಗಳಲ್ಲಿ ಹಳೆಯ ಎಲೆ ಉಳಿದಿದೆಯೇ ಎಂದು ಗಮನಿಸಿದರೆ, ಈ ಪ್ರಶ್ನೆಗೆ ಸ್ಥಳೀಯ ಉತ್ತರ ಯಾವ ಪ್ರಯೋಗಾಲಯಕ್ಕಿಂತಲೂ ಮೊದಲು ನಿಮಗೇ ಸಿಗುತ್ತದೆ.

ಚಿಕ್ಕಮಗಳೂರಿನ ಓದುಗರು, ವಿಶೇಷವಾಗಿ ತೋಟದ ನಡುವೆ ಹೋಂಸ್ಟೇ ನಡೆಸುವವರು, ಗಮನಿಸಬೇಕಾದ ಸಂಗತಿಯೊಂದಿದೆ. ಅರೇಬಿಕಾ ಕಾಫಿ ಗಿಡವೂ ಚಿಕ್ಕ ಹಗಲನ್ನು ಬಯಸುವ ಜಾತಿಗೆ ಸೇರಿದ್ದು, ಹಗಲು 13-14 ಗಂಟೆ ಮೀರಿದಾಗ ಮೊಗ್ಗು ಕಟ್ಟುವುದು ಕುಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮಲೆನಾಡಿನ ಹಗಲು ಎಂದೂ 13 ಗಂಟೆ ಮುಟ್ಟುವುದಿಲ್ಲವಾದ್ದರಿಂದ ತೋಟದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಗಿಡದ ಪಕ್ಕದಲ್ಲೇ ರಾತ್ರಿಯಿಡೀ ಅಲಂಕಾರದ ದೀಪ ಉರಿಯುವ ಕಡೆ ಏಳಬಹುದು. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಅಂಗಳದ ಅಂಚಿನ ಗಿಡ ಮಾತ್ರ ಹಸಿರಾಗಿಯೇ ನಿಂತಿದ್ದರೆ, ನೀರು ಗೊಬ್ಬರದ ಜೊತೆಗೆ ದೀಪವನ್ನೂ ಅನುಮಾನಿಸುವುದು ಒಳ್ಳೆಯದು.

ಮರಕ್ಕಿಂತ ಹೆಚ್ಚು ನಷ್ಟವಾಗುವುದು ಮರದ ಒಕ್ಕಲುಗಳಿಗೆ. ಆಕಾಶಮಲ್ಲಿಗೆಯ ಬಿಳಿಯ, ಉದ್ದ ಕೊಳವೆಯ ಹೂವು ಕತ್ತಲಾದ ಮೇಲೆ ಅರಳಿ ಕಂಪು ಬೀರುವುದು ರಾತ್ರಿ ಹಾರಾಡುವ ಪತಂಗಗಳಿಗಾಗಿ. ದೀಪದ ಸುತ್ತ ಸುತ್ತುವ ಹುಳುಗಳು ದೀಪಕ್ಕೆ ಮರುಳಾಗಿ ಬರುತ್ತವೆ ಎಂದು ನಾವು ನಂಬಿದ್ದೆವು. 2024ರಲ್ಲಿ ಪ್ರಕಟವಾದ ಸಂಶೋಧನೆ ಬೇರೆ ಕಾರಣ ಕೊಟ್ಟಿತು: ಹಾರುವ ಹುಳು ಆಕಾಶದ ಬೆಳಕಿಗೆ ಬೆನ್ನು ಕೊಟ್ಟು ಸಮತೋಲ ಕಾಯ್ದುಕೊಳ್ಳುತ್ತದೆ, ದೀಪ ಕಂಡಾಗ ಅದಕ್ಕೂ ಬೆನ್ನು ತಿರುಗಿಸಲು ಹೋಗಿ ಅಲ್ಲೇ ಗಿರಕಿ ಹೊಡೆಯುತ್ತದೆ. ಅಷ್ಟರಮಟ್ಟಿಗೆ ಅದು ಹೂವಿಗೆ ಹೋಗುವುದಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳಲ್ಲಿ ದೀಪ ಹಾಕಿ ನೋಡಿದಾಗ ಹೂಗಳಿಗೆ ರಾತ್ರಿಯ ಕೀಟಗಳ ಭೇಟಿ ಶೇಕಡ 62ರಷ್ಟು ಇಳಿದಿತ್ತು ಎಂದು 2017ರ ವರದಿಯೊಂದು ಹೇಳುತ್ತದೆ. ಕೊಂಬೆಯಲ್ಲಿ ರಾತ್ರಿ ತಂಗುವ ಹಕ್ಕಿ, ಹಣ್ಣು ಹುಡುಕಿ ಬರುವ ಬಾವಲಿ ಇವಕ್ಕೂ ಕತ್ತಲೇ ಆಸರೆ.

ಇನ್ನು ವೈರಿನ ವಿಚಾರ. ಎಲೆ ತಯಾರಿಸಿದ ಸಕ್ಕರೆಯನ್ನು ಬೇರಿಗೆ ಇಳಿಸುವ ನಾಳಗಳಿರುವುದು ತೊಗಟೆಯ ಒಳಮೈಯಲ್ಲೇ. ಕಾಂಡ ವರ್ಷ ವರ್ಷವೂ ದಪ್ಪವಾಗುತ್ತದೆ, ಬಿಗಿದ ವೈರು ದಪ್ಪವಾಗುವುದಿಲ್ಲ. ಮೊದಲು ತೊಗಟೆಯ ಮೇಲೆ ಗೀರಿನಂತೆ ಕಾಣುವುದು ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತೊಗಟೆಯೊಳಗೆ ಹೂತು, ಅದರ ಮೇಲ್ಭಾಗದಲ್ಲಿ ಕಾಂಡ ಬಳೆಯಂತೆ ಉಬ್ಬುತ್ತದೆ. ಕೆಳಕ್ಕೆ ಇಳಿಯಬೇಕಾದ ಆಹಾರ ಅಲ್ಲೇ ತಡೆದು ನಿಂತಿದೆ ಎಂಬುದರ ಗುರುತು ಅದು. ಬೇರು ಹಸಿದು ಸೊರಗಿದ ಮರ ಮೇಲೆ ಹಸಿರಾಗಿಯೇ ಇದ್ದು, ಒಂದು ದಿನ ಗಾಳಿಮಳೆಗೆ ಉರುಳುತ್ತದೆ, ಆಗ ಯಾರೂ ಸೀರಿಯಲ್ ಸೆಟ್ಟನ್ನು ದೂರುವುದಿಲ್ಲ. ವೈರಿಗೂ ತೊಗಟೆಗೂ ನಡುವೆ ಕಿರುಬೆರಳು ಸಲೀಸಾಗಿ ತೂರದಿದ್ದರೆ ಅದನ್ನು ತಕ್ಷಣ ಬಿಚ್ಚಬೇಕು. ಆದರೆ ಈ ಪರೀಕ್ಷೆಯನ್ನು ಕರೆಂಟ್ ತೆಗೆಸದೆ ಮಾಡಬೇಡಿ: ಟೇಪು ಸುತ್ತಿದ ಜಾಯಿಂಟುಗಳು ಮಳೆಯಲ್ಲಿ ನೆನೆದಾಗ ಒದ್ದೆ ಕಾಂಡ ಮುಟ್ಟಿದವರ ಪ್ರಾಣಕ್ಕೇ ಅಪಾಯ. ಮೊಳೆಯ ಗಾಯದಲ್ಲಿ ಕೊಳೆ ಸೇರುವುದು ಎಲ್ಲರಿಗೂ ಗೊತ್ತಿರುವುದೇ.

ಹಳದಿ ದೀಪದ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಬೆಳ್ಳನೆಯ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚಿದ್ದು ಅದು ಕೀಟಗಳನ್ನು ಹೆಚ್ಚು ಸೆಳೆಯುವುದರಿಂದ, ಹಳದಿ ದೀಪ ಹುಳುಗಳಿಗೆ ಒಳ್ಳೆಯದು. ಆದರೆ ಮರದ ಫೈಟೋಕ್ರೋಮ್ ಸ್ಪಂದಿಸುವುದು ಮುಖ್ಯವಾಗಿ ಕೆಂಪಿನ ಕಡೆಯ ಬೆಳಕಿಗೆ, ಮತ್ತು ಹಳದಿ ದೀಪದಲ್ಲಿ ಆ ಪಾಲೇ ಹೆಚ್ಚು. ಎಲ್ಲರಿಗೂ ಹಿತವಾದ ಬಣ್ಣವೊಂದಿಲ್ಲವಾದ್ದರಿಂದ ಕಟ್ಟಡದವರ ಬಳಿ ಬಣ್ಣದ ಮಾತಿಗಿಂತ ಹೊತ್ತಿನ ಮತ್ತು ದಿಕ್ಕಿನ ಮಾತು ಎತ್ತುವುದು ಮೇಲು. ಫ್ರಾನ್ಸಿನಲ್ಲಿ 2013ರಿಂದ ಕಟ್ಟಡಗಳ ಮುಂಭಾಗದ ದೀಪವನ್ನು ರಾತ್ರಿ ಒಂದು ಗಂಟೆಯೊಳಗೆ ಆರಿಸಬೇಕೆಂಬ ನಿಯಮವಿದೆ. ನಮ್ಮ ಊರಿನಲ್ಲಿ ಹತ್ತೂವರೆಯ ಮೇಲೆ ಆ ಗೋಡೆ ನೋಡಲು ಬೀದಿಯಲ್ಲಿ ಯಾರಿರುತ್ತಾರೆ? ಒಂದು ಟೈಮರ್ ಮತ್ತು ದೀಪದ ಬಾಯಿಗೆ ಮರದ ಕಡೆ ಬೆಳಕು ಚೆಲ್ಲದಂತೆ ತಗಡಿನ ಮರೆ, ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ, ವಿದ್ಯುತ್ ಬಿಲ್ಲೂ ಇಳಿಯುತ್ತದೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರೆಲ್ಲ ದೀಪ ಹಾಕುವುದನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ; ಹಬ್ಬ ಮುಗಿದ ಮೇಲೆ ದೀಪ, ವೈರು ಎರಡನ್ನೂ ಇಳಿಸಿದರೆ ಮರಕ್ಕೆ ಅದರಿಂದ ಆಗುವ ನಷ್ಟ ಅಲ್ಪ. ತೊಂದರೆ ಇರುವುದು ಇಳಿಸದೇ ಬಿಟ್ಟಲ್ಲಿ.

ಮಾತಿನಿಂದ ಆಗದಿದ್ದರೆ, ರಸ್ತೆಬದಿಯ ಮರ ಕಟ್ಟಡದವರ ಸ್ವತ್ತಲ್ಲ ಎನ್ನುವುದು ನಿಮ್ಮ ಬಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಲಿಖಿತ ದೂರು ಕೊಡಬಹುದು. ಮುಂಬೈ ಭಾಗದಲ್ಲಿ ಮರಗಳ ಮೇಲಿನ ಅಲಂಕಾರ ದೀಪಗಳ ವಿಚಾರ 2024ರಲ್ಲಿ ಹೈಕೋರ್ಟಿನವರೆಗೂ ಹೋಗಿದೆ. ದೂರಿನಲ್ಲಿ ಬೆಳಕಿನ ಬಗ್ಗೆ ಎರಡು ಸಾಲು ಸಾಕು. ವೈರು ತೊಗಟೆಯೊಳಗೆ ಹೂತಿರುವ ಜಾಗದ ಹತ್ತಿರದ ಫೋಟೊ, ಮೊಳೆಗಳ ಫೋಟೊ, ಮರ ನಿಂತಿರುವ ಸ್ಥಳದ ಗುರುತು ಇವುಗಳನ್ನು ಮೊದಲ ಪುಟದಲ್ಲೇ ಲಗತ್ತಿಸಿ.