ಸಂಯುಕ್ತ ವಿಲೋಮ ಗಣನೆ: ಭೂಗರ್ಭದ ಮಾದರಿ ರೂಪುಗೊಳ್ಳುವ ಬಗೆ

ಪರಿಣಾಮವನ್ನು ಅಳೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಕಾರಣವನ್ನು ಕಂಡುಕೊಳ್ಳುವ ಕ್ರಮಕ್ಕೆ ವಿಲೋಮ ಗಣನೆ ಎಂದು ಹೆಸರು. ಭೂಕಂಪಶಾಸ್ತ್ರ, ಗುರುತ್ವ ಮಾಪನ, ಖನಿಜ ಭೌತಶಾಸ್ತ್ರ ಮುಂತಾದವು ಒದಗಿಸುವ ಅಳತೆಗಳನ್ನು ಒಂದೇ ಲೆಕ್ಕದೊಳಗೆ ತಂದು, ಅವೆಲ್ಲಕ್ಕೂ ಏಕಕಾಲದಲ್ಲಿ ಹೊಂದುವ ಭೂಗರ್ಭದ ಮಾದರಿಯನ್ನು ಹುಡುಕಿದಾಗ ಅದು ಸಂಯುಕ್ತ ವಿಲೋಮ ಗಣನೆ ಎನಿಸಿಕೊಳ್ಳುತ್ತದೆ.

ಈ ಸುತ್ತುದಾರಿಯನ್ನು ಬಿಟ್ಟರೆ ಗತ್ಯಂತರವಿಲ್ಲ. ಭೂಮಿಯ ತ್ರಿಜ್ಯ ಸುಮಾರು 6,371 ಕಿ.ಮೀ.; ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ ವರ್ಷಗಟ್ಟಲೆ ಕೊರೆದ ಬಾವಿ ತಲುಪಿದ್ದು 12 ಕಿ.ಮೀ.ಗೆ ತುಸು ಹೆಚ್ಚು ಆಳವನ್ನು ಮಾತ್ರ. ಅದರಾಚೆಗೆ ನಮಗಿರುವ ಮುಖ್ಯ ಸಾಕ್ಷಿ ಭೂಕಂಪದ ಅಲೆಗಳು. ಡೆನ್ಮಾರ್ಕಿನ ಭೂಕಂಪಶಾಸ್ತ್ರಜ್ಞೆ ಇಂಗೆ ಲೇಮನ್ 1936ರಲ್ಲಿ ಭೂಮಿಯ ನಟ್ಟನಡುವಿನ ಒಳ ಕೇಂದ್ರಗೋಳದ ಇರುವಿಕೆಯನ್ನು ಸೂಚಿಸಿದ್ದು ಈ ಅಲೆಗಳ ಆಧಾರದಿಂದಲೇ. 1981ರಲ್ಲಿ ಭೂಭೌತಶಾಸ್ತ್ರಜ್ಞರಾದ ಜಿವೊನ್ಸ್ಕಿ ಮತ್ತು ಆಂಡರ್ಸನ್ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಆಧಾರ ಮಾದರಿಯಂತೂ ಅಲೆಗಳ ಪಯಣದ ಅವಧಿಯ ಜೊತೆಗೆ ದೊಡ್ಡ ಕಂಪನಗಳ ನಂತರ ಇಡೀ ಭೂಮಿ ಅನುರಣಿಸುವ ಆವೃತ್ತಿಗಳನ್ನೂ, ಭೂಮಿಯ ದ್ರವ್ಯರಾಶಿ ಮತ್ತು ಜಡತ್ವ ಭ್ರಾಮಕವನ್ನೂ (ತಿರುಗುವಿಕೆಯ ಬದಲಾವಣೆಗೆ ಅದು ಒಡ್ಡುವ ಪ್ರತಿರೋಧ) ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಆದರೆ ಅಲೆಗಳು ತಿಳಿಸುವುದು ವೇಗವನ್ನೇ ಹೊರತು ವಸ್ತುವನ್ನಲ್ಲ. ಅಲೆಯೊಂದು ನಿಧಾನವಾಯಿತೆಂದರೆ ಅಲ್ಲಿನ ಶಿಲೆ ಹೆಚ್ಚು ಬಿಸಿಯಾಗಿರಬಹುದು, ಇಲ್ಲವೇ ಅದರಲ್ಲಿ ಕಬ್ಬಿಣದ ಅಂಶ ಹೆಚ್ಚಿರಬಹುದು. ಈ ಗಂಟನ್ನು ಬಿಡಿಸಲು ಪ್ರಯೋಗಾಲಯ ಬೇಕು. ಎರಡು ವಜ್ರಗಳ ಮೊನೆಗಳ ನಡುವೆ ಖನಿಜದ ಸಣ್ಣ ಕಣವನ್ನಿಟ್ಟು ಒತ್ತುತ್ತ, ಲೇಸರಿನಿಂದ ಕಾಯಿಸಿ, ಕ್ಷ-ಕಿರಣಗಳಿಂದ ಅದರ ಹರಳಿನ ರಚನೆಯನ್ನು ನೋಡುತ್ತಾರೆ. 2004ರಲ್ಲಿ ಹೀಗೆಯೇ, ಹೊರಪದರಕ್ಕೂ ಕೇಂದ್ರಗೋಳಕ್ಕೂ ನಡುವಿನ ದಪ್ಪ ಶಿಲಾಪದರವಾದ ಮ್ಯಾಂಟಲ್‌ನ ಕೆಳಭಾಗದ ಪ್ರಧಾನ ಖನಿಜವು ಸುಮಾರು 125 ಗಿಗಾಪಾಸ್ಕಲ್ (ವಾಯುಮಂಡಲದ ಒತ್ತಡದ ಸುಮಾರು ಹನ್ನೆರಡು ಲಕ್ಷ ಪಟ್ಟು) ಒತ್ತಡದಲ್ಲಿ ಬೇರೊಂದು ರಚನೆಗೆ ಹೊರಳುತ್ತದೆಂದು ತಿಳಿಯಿತು; ಮ್ಯಾಂಟಲ್‌ನ ತಳಭಾಗದಲ್ಲಿ ಅಲೆಗಳ ವೇಗ ಥಟ್ಟನೆ ಬದಲಾಗುವುದೇಕೆ ಎಂಬ ಹಳೆಯ ಪ್ರಶ್ನೆಗೆ ಅದರಿಂದ ಒಂದು ಸಮರ್ಥ ವಿವರಣೆ ದೊರೆಯಿತು.

ಎಲ್ಲ ಗಂಟುಗಳೂ ಇಷ್ಟು ಸುಲಭವಾಗಿ ಬಿಚ್ಚಿಕೊಂಡಿಲ್ಲ. ಆಫ್ರಿಕಾ ಮತ್ತು ಪೆಸಿಫಿಕ್ ಸಾಗರದ ಅಡಿಯಲ್ಲಿ, ಸುಮಾರು 2,890 ಕಿ.ಮೀ. ಆಳದ ಕೇಂದ್ರಗೋಳದ ಅಂಚಿಗೆ ಆತುಕೊಂಡು, ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡಲಾಗಿ ಶಿಲೆಯನ್ನು ಅಲುಗಿಸುವ ಭೂಕಂಪದ ಅಲೆಗಳು) ನಿಧಾನಗೊಳ್ಳುವ ಖಂಡಗಾತ್ರದ ಎರಡು ವಲಯಗಳಿವೆ. ಅವು ಬರಿದೇ ಬಿಸಿಯಾಗಿದ್ದರೆ ಸುತ್ತಲಿನ ಶಿಲೆಗಿಂತ ಹಗುರಾಗಿರಬೇಕು; ಘಟಕಗಳೇ ಬೇರೆಯಾಗಿದ್ದರೆ ಹೆಚ್ಚು ಸಾಂದ್ರವಾಗಿರಲೂಬಹುದು. ಚಂದ್ರ–ಸೂರ್ಯರ ಸೆಳೆತಕ್ಕೆ ಘನಭೂಮಿ ಏರಿಳಿಯುವುದನ್ನು ಉಪಗ್ರಹಗಳಿಂದ ಅಳೆದ 2017ರ ಅಧ್ಯಯನವು ಅವುಗಳ ಕೆಳಭಾಗ ಸಾಂದ್ರವಾಗಿದೆ ಎಂದರೆ, ಅದೇ ವರ್ಷ ಭೂಮಿಯ ಅನುರಣನವನ್ನು ಆಧರಿಸಿದ ಇನ್ನೊಂದು ಅಧ್ಯಯನ ಅವು ಹಗುರ ಎಂದಿತು. ಎರಡೂ ಅಳತೆಗಳಿಗೆ ಒಪ್ಪುವ ಮಾದರಿ ಬೇಕೆಂದರೆ ತಳದಲ್ಲಿ ತೆಳುವಾದ ಸಾಂದ್ರ ಪದರ, ಅದರ ಮೇಲೆ ಹಗುರಾದ ಬಿಸಿ ಶಿಲೆ ಎಂಬಂತಹ ನಡುದಾರಿಗಳನ್ನು ಪರೀಕ್ಷಿಸಬೇಕಾಗುತ್ತದೆ.

ಇಲ್ಲಿ ಗಣಿತಕ್ಕಿಂತ ವಿವೇಚನೆಯೇ ಕಠಿಣವೆಂದು ನನಗೆ ತೋರುತ್ತದೆ. ಯಾವ ಶಾಸ್ತ್ರದ ಅಳತೆಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಗಣನೆಗೆ ಮೊದಲೇ ನಿರ್ಧರಿಸಬೇಕು. ಆ ತೂಕವನ್ನು ಬದಲಿಸಿದರೆ ಮಾದರಿಯೂ ಬದಲಾಗುತ್ತದೆ.