ಪದ ಪರಿಚಯ: ಸ್ಟ್ಯಾಗರ್ಡ್ ವೀಲ್ಸ್

ಮೊನ್ನೆ ಕಣ್ಣಿಗೆ ಬಿದ್ದದ್ದು ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ವೈಡ್‌ಬಾಡಿಯ ಫೋಟೊ. ಕೆಳಗೆ ‘ಫ್ಯಾಕ್ಟರಿ ಸ್ಟ್ಯಾಗರ್ಡ್ ಸೆಟಪ್ ನೋಡಿ ಗುರು’ ಎಂಬ ಒಕ್ಕಣೆ. ಆ ಕಾರಿಗೆ ನಾಲ್ಕೂ ಕಡೆ 305/35 ಆರ್20 ಟೈರು (305 ಎಂದರೆ ಮಿ.ಮೀ. ಲೆಕ್ಕದಲ್ಲಿ ಅಗಲ, 20 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ, 35ರ ಲೆಕ್ಕ ಮುಂದೆ ಬರುತ್ತದೆ), ನಾಲ್ಕೂ ರಿಮ್ಮು 11 ಇಂಚು ಅಗಲ. ಇದಕ್ಕೆ ‘ಸ್ಕ್ವೇರ್’ ಅನ್ನುತ್ತಾರೆ, ಸ್ಟ್ಯಾಗರ್ಡ್‌ಗೆ ಸರೀ ಉಲ್ಟಾ. ಆದರೆ ನಮ್ಮವರಿಗೆ ದಪ್ಪ ಟೈರು ಕಂಡರೆ ಸ್ಟ್ಯಾಗರ್ಡ್, ಮಡ್‌ಗಾರ್ಡಿನಿಂದ ಚಕ್ರ ಹೊರಗೆ ಇಣುಕಿದರೆ ಸ್ಟ್ಯಾಗರ್ಡ್, ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿಸಿದರೂ ಸ್ಟ್ಯಾಗರ್ಡ್. ಹಳೆ ಕಾರು ಮಾರುವವರ ಜಾಹೀರಾತಿನಲ್ಲಂತೂ ಅಲಾಯ್‌ಗೆ ಇನ್ನೊಂದು ಹೆಸರೇ ಸ್ಟ್ಯಾಗರ್ಡ್ ಅನ್ನುವಂತಾಗಿದೆ.

ಈ ಪದ ಹೇಳುವುದು ಒಂದೇ ಒಂದು ಸಂಗತಿ: ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಅಳತೆ ಬೇರೆ. ವಾಡಿಕೆಯಲ್ಲಿ ಹಿಂದಿನದು ಅಗಲ. ಮುಂದೆ 205, ಹಿಂದೆ 225 ಇರುವ ಬಡಪಾಯಿ ಕಾರೂ ಸ್ಟ್ಯಾಗರ್ಡೇ. ನಾಲ್ಕೂ ಕಡೆ 335 ಹಾಕಿ ರಸ್ತೆ ತುಂಬಿಕೊಂಡು ನಿಂತದ್ದು ಸ್ಟ್ಯಾಗರ್ಡ್ ಅಲ್ಲ. ಚಕ್ರ ಹೊರಗೆ ಚಾಚುವುದು ಆಫ್‌ಸೆಟ್ಟಿನ ವಿಷಯ, ಅದಕ್ಕೆ ಆಮೇಲೆ ಬರೋಣ.

ಪದದ ಮೂಲ ಸ್ವಾರಸ್ಯವಾಗಿದೆ. ಕುಡಿದವನು ತೂರಾಡುವುದಕ್ಕೆ ಇಂಗ್ಲಿಷಿನವರು ಹೇಳುವ ‘ಸ್ಟ್ಯಾಗರ್’ ಇದೇ. ಹಳೆಯ ನಾರ್ಸ್ ಭಾಷೆಯಲ್ಲಿ ತಳ್ಳು, ನೂಕು ಎಂಬ ಅರ್ಥವಿದ್ದ ಧಾತುವಿನಿಂದ ಬಂದದ್ದು. ತಳ್ಳಿಸಿಕೊಂಡವನು ನೆಟ್ಟಗೆ ನಡೆಯುವುದಿಲ್ಲ, ಆ ಕಡೆ ಒಂದು ಹೆಜ್ಜೆ ಈ ಕಡೆ ಒಂದು ಹೆಜ್ಜೆ. 19ನೇ ಶತಮಾನದ ನಡುವಿಗೆ ಬರುವಾಗ ವಸ್ತುಗಳನ್ನು ಬೇಕೆಂದೇ ಒಂದೇ ಸಾಲಿನಲ್ಲಿ ಇಡದೆ ಹಿಂದೆಮುಂದೆ ಮಾಡಿ ಜೋಡಿಸುವುದಕ್ಕೂ ಇದೇ ಪದ ಬಳಕೆಯಾಯಿತು. ಎರಡು ರೆಕ್ಕೆಯ ವಿಮಾನದಲ್ಲಿ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಮುಂದೆ ಇದ್ದರೆ ಅದು ಸ್ಟ್ಯಾಗರ್. 400 ಮೀಟರ್ ಓಟದಲ್ಲಿ ಹೊರಗಿನ ಲೇನಿನವನನ್ನು ಮುಂದೆ ನಿಲ್ಲಿಸುತ್ತಾರಲ್ಲ, ಅದು ಸ್ಟ್ಯಾಗರ್ಡ್ ಸ್ಟಾರ್ಟ್. ಎಲ್ಲ ಕಡೆಯೂ ಒಳಗಿರುವ ಅರ್ಥ ಇಷ್ಟೇ: ಒಂದರ ಅಳತೆ ಅಥವಾ ಜಾಗ ಇನ್ನೊಂದರ ಜೊತೆ ಸರಿಸಮ ಇಲ್ಲ, ಮತ್ತು ಅದು ಬೇಕೆಂದೇ ಮಾಡಿದ್ದು. ಅಗಲ ಎಂಬ ಅರ್ಥ ಈ ಪದದ ಹೊಟ್ಟೆಯಲ್ಲಿ ಯಾವತ್ತೂ ಇರಲಿಲ್ಲ.

ಗೊಂದಲಕ್ಕೆ ಅಮೆರಿಕದವರದ್ದೂ ಪಾಲಿದೆ. ಅಲ್ಲಿನ ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕಿನ ರೇಸಿನಲ್ಲಿ ‘ಸ್ಟ್ಯಾಗರ್’ ಎಂದರೆ ಒಂದೇ ಆ್ಯಕ್ಸಲ್ಲಿನ ಎಡ ಮತ್ತು ಬಲ ಟೈರುಗಳ ಸುತ್ತಳತೆಯ ವ್ಯತ್ಯಾಸ. ಅಲ್ಲಿ ಕಾರು ಸದಾ ಎಡಕ್ಕೇ ತಿರುಗುತ್ತದೆ, ಬಲಗಡೆಯ ಚಕ್ರ ಹೆಚ್ಚು ದೂರ ಓಡಬೇಕು. ಎಡ ಬಲದ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇಲ್ಲದೆ ಎರಡೂ ಚಕ್ರ ಒಂದೇ ದಂಡಕ್ಕೆ ಬಿಗಿಯಾಗಿರುವ ಸ್ಪ್ರಿಂಟ್ ಕಾರುಗಳಲ್ಲಿ ಬಲಗಡೆ ದೊಡ್ಡ ಟೈರು ಹಾಕಿದರೆ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಅಳೆದು ಕೂರಿಸುವ ಸಂಗತಿ ಅದು. ಅಂಥ ಗ್ಯಾರೇಜಿನವನ ಎದುರು ‘ನನ್ನ ಮಸ್ಟಾಂಗ್‌ಗೆ ಸ್ಟ್ಯಾಗರ್ ಇದೆ’ ಎಂದರೆ ಅವನು ಮೊದಲು ನೋಡುವುದು ಎಡ ಬಲದ ಚಕ್ರಗಳನ್ನು. ರಸ್ತೆಯ ಕಾರಿನಲ್ಲಿ ಹಾಗೆ ಮಾಡಿದರೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಜೊತೆ ಗುದ್ದಾಡುತ್ತಾ ಹೋಗಬೇಕಾಗುತ್ತದೆ.

‘ಸ್ಟ್ಯಾಗರ್ಡ್ ಇಲ್ಲದಿದ್ದರೆ ಅದೆಂಥ ಮಸಲ್ ಕಾರು’ ಎನ್ನುವವರಿಗೂ ಒಂದು ಮಾತಿದೆ. ಮಸಲ್ ಕಾರು ಅಂದರೆ ದೊಡ್ಡ ಎಂಜಿನ್ನಿನ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಅಮೆರಿಕದ ಕಾರು. ಮಸಲ್ ಕಾರುಗಳ ಕಾಲಕ್ಕೆ ನಾಂದಿ ಹಾಡಿತು ಎನ್ನುವ 1964ರ ಪಾಂಟಿಯಾಕ್ ಜಿಟಿಒ ಕಾರ್ಖಾನೆಯಿಂದ ಇಳಿದದ್ದು ನಾಲ್ಕೂ ಕಡೆ ಒಂದೇ ಅಳತೆಯ, 7.50-14 ಟೈರಿನ ಮೇಲೆ. ಆ ಕಾಲದ ಬಹುಪಾಲು ಕಾರುಗಳ ಕತೆ ಅದೇ. ಹಿಂದೆ ದೊಡ್ಡದು ಮುಂದೆ ಸಣ್ಣದು ಎಂಬ ಚಾಳಿ ಬಂದದ್ದು ಅದಕ್ಕೂ ಮೊದಲಿನ ಕ್ಯಾಲಿಫೋರ್ನಿಯಾದ ಹಾಟ್ ರಾಡ್ ಹುಡುಗರಿಂದ, ಅಂದರೆ ಹಳೆ ಕಾರುಗಳನ್ನು ವೇಗಕ್ಕೆಂದು ಮಾರ್ಪಡಿಸುತ್ತಿದ್ದವರಿಂದ. ಒಣಗಿದ ಕೆರೆಯಂಗಳದಲ್ಲಿ ಓಡಿಸಲು ಹಿಂದೆ ಎತ್ತರದ ಟೈರು, ಮುಂದೆ ಹಗುರವಾಗಲಿ ಎಂದು ಸಣ್ಣದು. ನೇರ ದಾರಿಯಲ್ಲಿ ಓಡಿಸುವ ಡ್ರ್ಯಾಗ್ ರೇಸಿನವರು ಅದನ್ನೇ ಮುಂದುವರಿಸಿದರು. 70ರ ದಶಕದಲ್ಲಿ ಮನೆಮನೆಯ ಹುಡುಗರೂ ಶುರುಮಾಡಿದಾಗ ಅಗಲದ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಹಿಂಭಾಗಕ್ಕೆ ಗಾಳಿ ತುಂಬುವ ಶಾಕ್ ಅಬ್ಸಾರ್ಬರ್ ಹಾಕಿ ಎತ್ತರಿಸಿದರು. ಬಾಲ ಎತ್ತಿಕೊಂಡು ನಿಂತ ಆ ಕಾರುಗಳ ಭಂಗಿ ಎಷ್ಟು ಜನರಿಗೆ ಇಷ್ಟವೋ ನನಗೆ ಅಷ್ಟೇ ಕಷ್ಟ.

ಕಾರ್ಖಾನೆಯೇ ಸ್ಟ್ಯಾಗರ್ಡ್ ಕೊಟ್ಟಾಗ ಲೆಕ್ಕ ಹೇಗಿರುತ್ತದೆ ಎಂದು ನೋಡಬೇಕಾದರೆ 2010ರ ಶೆವರ್ಲೆ ಕಮಾರೊ ಎಸ್‌ಎಸ್ ತೆಗೆದುಕೊಳ್ಳಿ. ಮುಂದೆ 8 ಇಂಚಿನ ರಿಮ್ಮಿಗೆ 245/45 ಆರ್20, ಹಿಂದೆ 9 ಇಂಚಿಗೆ 275/40 ಆರ್20. ಹಿಂದೆ ಅಗಲ ಏರಿತು, ನಡುವಿನ ಸಂಖ್ಯೆ 45ರಿಂದ 40ಕ್ಕೆ ಇಳಿಯಿತು. ಆ ಸಂಖ್ಯೆ ನೇರವಾಗಿ ಎತ್ತರವಲ್ಲ, ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. 245ರ ಶೇಕಡಾ 45 ಎಂದರೆ 110.25 ಮಿ.ಮೀ., 275ರ ಶೇಕಡಾ 40 ಎಂದರೆ 110. ಮೇಲೆ ಕೆಳಗೆ ಎರಡೂ ಗೋಡೆ ಸೇರಿಸಿ, 20 ಇಂಚಿನ ರಿಮ್ಮು ಅಂದರೆ 508 ಮಿ.ಮೀ. ಕೂಡಿಸಿದರೆ ಮುಂದಿನ ಚಕ್ರ 728.5, ಹಿಂದಿನದು 728. ಅರ್ಧ ಮಿಲಿಮೀಟರಿನ ಫರಕು! 30 ಮಿ.ಮೀ. ಅಗಲ ಹೆಚ್ಚಿಸಿಯೂ ಎರಡೂ ಜೋಡಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತವೆ.

ಭಾರತಕ್ಕೆ 2016ರಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಜಿಟಿಯದ್ದು ಬೇರೆ ದಾರಿ. ಮುಂದೆ 255/40 ಆರ್19, ಹಿಂದೆ 275/40 ಆರ್19. ಎರಡಕ್ಕೂ 40, ಆದ್ದರಿಂದ ಹಿಂದಿನ ಚಕ್ರ 16 ಮಿ.ಮೀ. ಎತ್ತರ. ಇಲ್ಲಿ ತಪ್ಪೇನೂ ಆಗಿಲ್ಲ. ಚಕ್ರಗಳ ವೇಗ ನೋಡಿ ಕೆಲಸ ಮಾಡುವ ಎಬಿಎಸ್ಸು, ಟ್ರ್ಯಾಕ್ಷನ್ ಕಂಟ್ರೋಲು ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದೇ ತಯಾರಾಗಿವೆ. ಕೆಡುವುದು ಯಾವಾಗ ಎಂದರೆ, ನಾವು ಮಧ್ಯೆ ಕೈಹಾಕಿ ಹಿಂದಕ್ಕೆ ಮಾತ್ರ ಮನಸ್ಸಿಗೆ ಬಂದ ಅಳತೆ ತಂದು ಆ ಅನುಪಾತ ಬದಲಿಸಿದಾಗ. ಮುಂದಿನ ಹಿಂದಿನ ಚಕ್ರಗಳ ವೇಗ ಹೊಂದದಿದ್ದರೆ ಎಲ್ಲೋ ಚಕ್ರ ಜಾರುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಅನ್ನಿಸಬಹುದು.

ಹಿಂದೆ ಅಗಲ ಯಾಕೆ ಎಂಬುದು ಎಲ್ಲರಿಗೂ ಗೊತ್ತು: ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ, ಆಕ್ಸಿಲರೇಟರ್ ಒತ್ತಿದಾಗ ಭಾರವೂ ಹಿಂದಕ್ಕೆ ವಾಲುತ್ತದೆ. ‘ಅಗಲ ಟೈರು ನೆಲಕ್ಕೆ ತಾಗುವ ಜಾಗ ಜಾಸ್ತಿ’ ಎಂಬ ವಿವರಣೆ ಮಾತ್ರ ಅರ್ಧಂಬರ್ಧ. ತಾಗುವ ಜಾಗ ಎಷ್ಟು ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿ. ಟೈರು ಅಗಲವಾದಾಗ ಆ ಜಾಗದ ಆಕಾರ ಬದಲಾಗುತ್ತದೆ, ಉದ್ದ ಕಡಿಮೆಯಾಗಿ ಅಡ್ಡ ಹೆಚ್ಚುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ. ಸೊನ್ನೆಯಿಂದ ಹೊರಡುವಾಗ ರಬ್ಬರಿನ ಗುಣ, ಟೈರಿನ ಗೋಡೆಯ ಎತ್ತರ ಇವೂ ಅಗಲದಷ್ಟೇ ಕೆಲಸ ಮಾಡುತ್ತವೆ.

ಇದಕ್ಕೆ ಡಾಡ್ಜ್‌ನವರ ಎರಡು ಕಾರುಗಳೇ ಸಾಕ್ಷಿ. 2018ರ ಡೀಮನ್‌ಗೆ ನಾಲ್ಕೂ ಕಡೆ 315/40 ಆರ್18, ಅಂದರೆ ಡ್ರ್ಯಾಗ್ ರೇಸಿಗೆಂದೇ ಹುಟ್ಟಿದ ಕಾರು ಸ್ಕ್ವೇರ್ ಆಗಿ ಮಾರಾಟವಾಯಿತು. 2023ರ ಡೀಮನ್ 170ರಲ್ಲಿ ಮುಂದೆ 245/55 ಆರ್18, ಹಿಂದೆ 315/50 ಆರ್17. ಹಿಂದಿನ ರಿಮ್ಮು ಮುಂದಿನದಕ್ಕಿಂತ ಒಂದಿಂಚು ಚಿಕ್ಕದು! ಹಿಂದೆ ದೊಡ್ಡ ರಿಮ್ಮು ಇದ್ದರಷ್ಟೇ ಸ್ಟ್ಯಾಗರ್ಡ್ ಎನ್ನುವವರು ಇದನ್ನು ಏನೆಂದು ಕರೆಯುತ್ತಾರೋ. ರಿಮ್ಮು ಚಿಕ್ಕದು ಮಾಡಿದ್ದರಿಂದ ಟೈರಿನ ಗೋಡೆ ಎತ್ತರವಾಯಿತು, ಹೊರಡುವಾಗಿನ ಹೊಡೆತಕ್ಕೆ ಆ ಗೋಡೆ ಸುಕ್ಕುಗಟ್ಟಿ, ಮಡಚಿಕೊಂಡು, ನೆಲವನ್ನು ಹಿಡಿದುಕೊಳ್ಳುತ್ತದೆ.

ತಿರುವುಗಳಿಗೆಂದು ಮಾಡಿದ ಮಸಲ್ ಕಾರುಗಳು ಹೋದದ್ದು ಇನ್ನೊಂದು ದಿಕ್ಕಿಗೆ. ಮಸ್ಟಾಂಗ್ ಜಿಟಿಯಲ್ಲಿ ಮುಂದಕ್ಕೂ ಹಿಂದಕ್ಕೂ 20 ಮಿ.ಮೀ. ಅಂತರವಿದ್ದರೆ ಶೆಲ್ಬಿ ಜಿಟಿ350ಯಲ್ಲಿ ಮುಂದೆ 295, ಹಿಂದೆ 305, ಅಂತರ ಹತ್ತೇ. 2014ರ ಕಮಾರೊ ಝಡ್/28ಕ್ಕೆ ನಾಲ್ಕೂ ಕಡೆ 305/30 ಆರ್19. ಕಾರಣ ಅಂಡರ್‌ಸ್ಟೀರ್. ಹಿಂದೆ ಹಿಡಿತ ಜಾಸ್ತಿ, ಮುಂದೆ ಕಡಿಮೆ ಆದರೆ ತಿರುವಿನಲ್ಲಿ ಮೊದಲು ಸೋಲುವುದು ಮುಂಭಾಗ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಸಾಮಾನ್ಯ ಚಾಲಕನಿಗೆ ಇದು ಸುರಕ್ಷಿತ, ಆಕ್ಸಿಲರೇಟರ್ ಬಿಟ್ಟರೆ ಕಾರು ದಾರಿಗೆ ಬರುತ್ತದೆ. ಹಿಂಭಾಗ ಮೊದಲು ಜಾರಿದರೆ ಗಿರಕಿ ಹೊಡೆಯುತ್ತದೆ. ಕಂಪನಿಗಳು ಮಾಮೂಲಿ ಮಾದರಿಗಳಲ್ಲಿ ಅಂಡರ್‌ಸ್ಟೀರ್ ಉಳಿಸಿಕೊಳ್ಳುವುದು ಅದಕ್ಕೇ. ಇರುವುದರ ಮೇಲೆ ಹಿಂದಕ್ಕೆ ಮಾತ್ರ 305 ಹಾಕಿಸಿ ‘ಈಗ ಹ್ಯಾಂಡ್ಲಿಂಗ್ ಸೂಪರ್’ ಎನ್ನುವವರು ನೇರ ರಸ್ತೆಯಲ್ಲಷ್ಟೇ ಓಡಿಸಿರುತ್ತಾರೆ ಎಂಬುದು ನನ್ನ ಅನುಮಾನ.

ಇನ್ನು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಅದನ್ನು ಕಾರಿಗೆ ಬಿಗಿಯುವ ಮೈ ಎಷ್ಟು ದೂರ ಇದೆ ಎಂಬುದು. 9 ಇಂಚಿನ ರಿಮ್ಮು ತೆಗೆದು ಅದೇ ಆಫ್‌ಸೆಟ್ಟಿನ 10 ಇಂಚಿನದು ಹಾಕಿದರೆ ಒಳಕ್ಕೆ 12.7 ಮಿ.ಮೀ., ಹೊರಕ್ಕೆ 12.7 ಮಿ.ಮೀ. ಬೆಳೆಯುತ್ತದೆ. ಒಳಗೆ ಸಸ್ಪೆನ್ಷನ್, ಬ್ರೇಕ್ ಪೈಪು. ಹೊರಗೆ ಮಡ್‌ಗಾರ್ಡಿನ ಅಂಚು. ಎಲ್ಲಿ ಜಾಗವಿದೆಯೋ ಆ ಕಡೆಗೆ ಬೆಳೆಯುವಂತೆ ಆಫ್‌ಸೆಟ್ ಆರಿಸಿಕೊಳ್ಳಬೇಕು. ಜಾಗವೇ ಇಲ್ಲದ ಹಳೆ ಕಾರುಗಳಲ್ಲಿ ಒಳಗಿನ ಚಕ್ರದ ಗೂಡನ್ನೇ ಕತ್ತರಿಸಿ ಅಗಲ ಮಾಡುತ್ತಾರೆ, ಅದಕ್ಕೆ ಮಿನಿ ಟಬ್ ಎಂದು ಹೆಸರು. ಹೊರಗೆ ಇಣುಕುವ ಚಕ್ರ ಇಷ್ಟವಿದ್ದರೆ ಇರಲಿ, ಅದರ ಹೆಸರು ‘ಪೋಕ್’. ನಾಲ್ಕೂ ಚಕ್ರ ಇಣುಕುವ ಕಾರು ಸ್ಕ್ವೇರ್ ಆಗಿರಲು ಅಡ್ಡಿಯೇನಿಲ್ಲ.

ಅಂಗಡಿಯವರು ಹೇಳದೆ ಬಿಡುವ ಒಂದು ಖರ್ಚೂ ಇದೆ. ಸ್ಟ್ಯಾಗರ್ಡ್ ಕಾರಿನಲ್ಲಿ ಹಿಂದಿನ ಟೈರು ಮುಂದಕ್ಕೆ ಹಾಕಿ ಸವೆತ ಸರಿದೂಗಿಸಲು ಬರುವುದಿಲ್ಲ. ಟೈರು ಒಂದೇ ದಿಕ್ಕಿಗೆ ತಿರುಗುವ ಜಾತಿಯದ್ದಾದರೆ ರಿಮ್ಮಿನಿಂದ ಬಿಚ್ಚದೆ ಎಡ ಬಲ ಬದಲಿಸಲೂ ಆಗುವುದಿಲ್ಲ. ಮಸಲ್ ಕಾರಿನ ಹಿಂದಿನ ಜೋಡಿ ಬೇಗ ತೀರುತ್ತದೆ, ಅದೇ ದುಬಾರಿ ಜೋಡಿ.

ಕೊನೆಗೆ ನಮ್ಮೂರಿನ ಹ್ಯಾಚ್‌ಬ್ಯಾಕ್‌ಗಳು. ಎಂಜಿನ್ನೂ ಎಳೆತವೂ ಎರಡೂ ಮುಂದೆ ಇರುವ ಕಾರಿಗೆ ಹಿಂದೆ ಅಗಲ ಟೈರು ಹಾಕಿಸಿ ‘ಮಸಲ್ ಲುಕ್’ ಎನ್ನುವುದು ಟ್ರಾಕ್ಟರಿನ ದೊಡ್ಡ ಚಕ್ರವನ್ನು ಟ್ರೈಲರಿಗೆ ಹಾಕಿದ ಹಾಗೆ. ಶಕ್ತಿ ಹೋಗದ ಕಡೆ ಹಿಡಿತ ಹೆಚ್ಚಿಸಿ, ಮೊದಲೇ ಇರುವ ಅಂಡರ್‌ಸ್ಟೀರ್‌ಗೆ ಇನ್ನಷ್ಟು ಸೇರಿಸಿದಂತಾಯಿತು. ಭಾರವೆಲ್ಲ ಮೂತಿಯ ಮೇಲಿರುವ ಕಾರಿಗೆ ಆಡಿಯವರು ಮಾಡಿದ್ದು ಉಲ್ಟಾ: 2021ರ ಆರ್‌ಎಸ್3ಕ್ಕೆ ಮುಂದೆ 265/30 ಆರ್19, ಹಿಂದೆ 245/35 ಆರ್19. ಅದೂ ಸ್ಟ್ಯಾಗರ್ಡೇ, ಹೇಳುವಾಗ ರಿವರ್ಸ್ ಎಂದು ಸೇರಿಸುತ್ತಾರೆ.