ರಾಬಿನ್ ಹುಡ್ ಬಾಯಲ್ಲಿನ ಹಳೇ ಮಾತು ಎಷ್ಟು ಹಳೇದು?

ಇಂಗ್ಲೆಂಡಿನ ಹಳೇ ಕತೆಗಳ ಕಾಡುಗಳ್ಳ ರಾಬಿನ್ ಹುಡ್ ಎಂದರೆ ಹಸಿರು ಟೋಪಿ, ಬಿಲ್ಲು, ಶೆರ್‌ವುಡ್ ಕಾಡು. ಜತೆಗೆ ಒಂಥರಾ ಹಳೇ ಇಂಗ್ಲಿಷ್. ಮಾತೆತ್ತಿದರೆ ‘ಪ್ರಿದೀ’ (ದಯವಿಟ್ಟು), ‘ಮಿಥಿಂಕ್ಸ್’ (ನನಗನಿಸುತ್ತದೆ), ‘ಫರ್‌ಸೂತ್’ (ನಿಜಕ್ಕೂ). ನಮ್ಮ ಕಂಪನಿ ನಾಟಕದ ರಾಜ ‘ಎಲೈ ಸಾರಥಿ’ ಎನ್ನುತ್ತಾನಲ್ಲ, ಹಾಗೆ. ಇವುಗಳಲ್ಲಿ ಕೆಲವು ನಿಜಕ್ಕೂ ಹಳೇವೇ. ಆದರೆ ‘ಪ್ರಿದೀ’ ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ. ರಾಬಿನ್ ಹುಡ್‌ನ ಮೊದಲ ಪದ್ಯಗಳು ಅದಕ್ಕೂ ಹಿಂದಿನವು. ಆ ಪದ್ಯಗಳಲ್ಲಿರುವ ಹಳೇ ಶಬ್ದಗಳ ಜಾತಿಯೇ ಬೇರೆ. ಅವು ಕೋರ್ಟು, ಬೇಟೆ, ಬೇಸಾಯಕ್ಕೆ ಸೇರಿದವು. ಕತೆಯ ಜಗಳ ಯಾವುದರ ಬಗ್ಗೆ ಎಂದು ತಿಳಿಯಬೇಕಾದರೆ ನೋಡಬೇಕಾದ್ದು ಅವನ್ನೇ.

ಈ ಪದ್ಯಗಳ ಸುದ್ದಿ ಮೊದಲು ಬರುವುದು ಸುಮಾರು 1377ರಲ್ಲಿ, ವಿಲಿಯಂ ಲ್ಯಾಂಗ್‌ಲಂಡ್‌ನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ. ಅದರಲ್ಲೊಬ್ಬ ಸೋಮಾರಿ ಪಾದ್ರಿ. ತನಗೆ ಪ್ರಾರ್ಥನೆ ಸರಿಯಾಗಿ ಬಾಯಿಗೆ ಬರುವುದಿಲ್ಲ, ರಾಬಿನ್ ಹುಡ್ ಪದ ಮಾತ್ರ ಬರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಅಂದರೆ ಆಗಲೇ ಅದು ಊರೂರಿನ ಬಾಯಲ್ಲಿತ್ತು. ನಮಗೆ ಸಿಕ್ಕಿರುವ ಬರಹ ಮಾತ್ರ ತಡವಾಗಿ ಬಂದದ್ದು. ಸುಮಾರು 1450ರ ಒಂದು ಹಸ್ತಪ್ರತಿಯಲ್ಲಿ ‘ರಾಬಿನ್ ಹುಡ್ ಮತ್ತು ಸನ್ಯಾಸಿ’ ಕತೆಯಿದೆ. 1500ರ ಆಸುಪಾಸಿನಲ್ಲಿ ಅಚ್ಚಾದ ‘ಎ ಜೆಸ್ಟ್ ಆಫ್ ರಾಬಿನ್ ಹೋಡ್’ನಲ್ಲಿ ನಾಲ್ಕು ಸಾಲಿನ 456 ಪದ್ಯಗಳಿವೆ. ಜೆಸ್ಟ್ ಎಂದರೆ ಇಲ್ಲಿ ತಮಾಷೆಯಲ್ಲ, ಸಾಹಸದ ಕತೆ. ಅದರಲ್ಲಿ ಈಗಿನ ಕತೆಗಳ ಪ್ರೇಯಸಿ ಮೇರಿಯನ್ ಇಲ್ಲ, ಜತೆಗಾರ ಸನ್ಯಾಸಿ ಫ್ರಯರ್ ಟಕ್ ಇಲ್ಲ. ರಾಜ ರಿಚರ್ಡ್ ಅಲ್ಲ, ಎಡ್ವರ್ಡ್. ಅಡಗುತಾಣವೂ ಶೆರ್‌ವುಡ್ ಅಲ್ಲ, ಯಾರ್ಕ್‌ಶೈರ್‌ನ ಬಾರ್ನ್ಸ್‌ಡೇಲ್.

ಸನ್ಯಾಸಿಯ ಕತೆಯಲ್ಲಿ ಒಂದು ಜಗಳವಿದೆ. ರಾಬಿನ್ ಮತ್ತು ಅವನ ಬಂಟ ಲಿಟ್ಲ್ ಜಾನ್ ಬಾಜಿ ಕಟ್ಟಿ ಬಾಣ ಬಿಡುತ್ತಾ ಹೋಗುತ್ತಾರೆ. ಜಾನ್ ಐದು ಶಿಲ್ಲಿಂಗ್ ಗೆಲ್ಲುತ್ತಾನೆ. ರಾಬಿನ್ ಕೊಡಲ್ಲ, ‘ಸುಳ್ಳು ಹೇಳ್ತೀಯ’ ಎಂದು ಕೈಯೆತ್ತಿ ಹೊಡೆದೇಬಿಡುತ್ತಾನೆ. ಜಾನ್ ಕತ್ತಿ ಹಿರಿಯುತ್ತಾನೆ. ‘ನೀನು ನನ್ನ ಒಡೆಯ ಅಲ್ಲದಿದ್ದರೆ ಇದಕ್ಕೆ ಸರಿಯಾಗಿ ಅನುಭವಿಸ್ತಿದ್ದೆ. ಇನ್ನು ಬೇರೆ ಆಳು ನೋಡಿಕೋ’ ಎಂದು ಹೊರಟುಹೋಗುತ್ತಾನೆ. ಇಲ್ಲಿ ಜಾನ್ ಬಳಸುವ ಹಳೇ ಇಂಗ್ಲಿಷ್ ಶಬ್ದ ‘ದೌ’ (thou) ನಮ್ಮ ‘ನೀನು’ ಇದ್ದ ಹಾಗೆ. ಸಿಟ್ಟಿಲ್ಲದಾಗ ‘ನನ್ನ ಪ್ರೀತಿಯ ಒಡೆಯ’ ಎಂದು ಕರೆದಾಗಲೂ ಜಾನ್ ಏಕವಚನವನ್ನೇ ಬಳಸುತ್ತಾನೆ. ಕಾಡಿನಲ್ಲಿ ಒಡೆಯನಿಗೂ ಸಲುಗೆಯ ಮಾತೇ. ಈಗಿನ ಇಂಗ್ಲಿಷ್ ಕಿವಿಗೆ ಅದೇ ‘ದೌ’ ದೇವಸ್ಥಾನದ ಭಾಷೆಯಂತೆ ಗಂಭೀರವಾಗಿ ಕೇಳುತ್ತದೆ. ನಮಗೆ ಈ ವಿಷಯದಲ್ಲಿ ಕಷ್ಟವಿಲ್ಲ, ಅಲ್ವಾ?

ಜೆಸ್ಟ್‌ನಲ್ಲಿ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂದು ರಾಬಿನ್ ತನ್ನವರಿಗೆ ಹೇಳುವ ಮಾತಿದೆ. ‘ನೇಗಿಲು ಹೂಡುವ ಹಸ್ಬೆಂಡ್‌ಗೆ ಕೆಡುಕು ಮಾಡಬೇಡಿ.’ ಇಲ್ಲಿ ಹಸ್ಬೆಂಡ್ ಎಂದರೆ ಗಂಡ ಅಲ್ಲ, ರೈತ. ಒಳ್ಳೆಯ ‘ಯೋಮನ್’ಗೂ ತೊಂದರೆ ಕೊಡಬಾರದು. ಯೋಮನ್ ಎಂದರೆ ಜೀತದವನೂ ಅಲ್ಲ, ಸಾಹೇಬನೂ ಅಲ್ಲ, ನಡುವಿನವನು. ರಾಬಿನ್ ಕೂಡ ಅವನೇ. ನೆಟ್ಟಗಿರುವ ನೈಟ್‌ಗಳನ್ನೂ ಬಿಡಬೇಕು. ಬಿಷಪ್‌ಗಳನ್ನು ಹೊಡೆದು ಕಟ್ಟಿಹಾಕಬೇಕು. ನಾಟಿಂಗ್‌ಹ್ಯಾಮ್‌ನ ಶೆರಿಫ್‌ನನ್ನಂತೂ ಮರೆಯಲೇಬಾರದು. ಶೆರಿಫ್ ಎಂದರೆ ಶೈರ್‌ನ ರೀವ್, ಜಿಲ್ಲೆಯಲ್ಲಿ ರಾಜನ ಕಡೆಯ ಅಧಿಕಾರಿ. ಉಳ್ಳವರಿಂದ ಕಿತ್ತು ಬಡವರಿಗೆ ಹಂಚಿದ ಎಂಬ ಮಾತು ಇಲ್ಲಿ ಅಷ್ಟು ಬಿಡಿಸಿ ಬಂದಿಲ್ಲ. ಬಡವರಿಗೆ ತುಂಬಾ ಒಳ್ಳೇದು ಮಾಡಿದ ಎಂದು ಕೊನೆಯ ಸಾಲು ಹೇಳುತ್ತದೆ, ಅಷ್ಟೆ.

‘ಔಟ್‌ಲಾ’ ಎಂಬ ಶಬ್ದ ಸ್ಕ್ಯಾಂಡಿನೇವಿಯಾದವರ ಜತೆ ಇಂಗ್ಲಿಷಿಗೆ ಬಂತು. ಈಗ ಅದನ್ನು ಸುಮ್ನೆ ಡಕಾಯಿತ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆಗ ಅದು ಕೋರ್ಟು ಕೊಡುವ ಪಟ್ಟ. ಆರೋಪಿಯ ಹೆಸರನ್ನು ಕೌಂಟಿ ಕೋರ್ಟಿನಲ್ಲಿ ಬೈಠಕ್ಕಿನಿಂದ ಬೈಠಕ್ಕಿಗೆ ಕೂಗುತ್ತಿದ್ದರು. ಬಾರದಿದ್ದರೆ ಔಟ್‌ಲಾ ಎಂದು ಸಾರುತ್ತಿದ್ದರು. ಅಲ್ಲಿಗೆ ಕಾನೂನಿನ ರಕ್ಷಣೆ ಮುಗಿಯಿತು. ‘ತೋಳದ ತಲೆ’ ಎಂದೇ ಅವನನ್ನು ಕರೆಯುತ್ತಿದ್ದರು. ತೋಳವನ್ನು ಕೊಂದರೆ ಯಾರು ಕೇಳುತ್ತಾರೆ? ಹೆಂಗಸರನ್ನು ಮಾತ್ರ ಔಟ್‌ಲಾ ಎನ್ನುವ ಹಾಗಿರಲಿಲ್ಲ. ಗಂಡಸರ ಹಾಗೆ ಅವರಿಂದ ಕಾನೂನಿಗೆ ಆಣೆ ಮಾಡಿಸಿ ಒಳಗೆ ಸೇರಿಸಿಕೊಂಡೇ ಇರಲಿಲ್ಲ, ಹೊರಗೆ ಹಾಕುವುದೆಲ್ಲಿಂದ! ಅವರಿಗೆ ‘ವೇವ್ಡ್’ ಎನ್ನುತ್ತಿದ್ದರು, ಕೈಬಿಟ್ಟವಳು ಎಂಬರ್ಥದಲ್ಲಿ. ಸಿವಿಲ್ ಪ್ರಕರಣಗಳಲ್ಲಿ ಈ ಪದ್ಧತಿ 1879ರಲ್ಲಿ ಹೋಯಿತು. ಕ್ರಿಮಿನಲ್ ಪ್ರಕರಣಗಳಲ್ಲಿ 1938ರವರೆಗೂ ಕಾನೂನು ಪುಸ್ತಕದಲ್ಲಿ ಉಳಿದಿತ್ತು.

ಓಡಿಹೋದವನ ಸಾಮಾನು ರಾಜನ ಪಾಲು. ಹಾಗಾಗಿ ಲೆಕ್ಕದ ಕಡತ ಉಳಿದಿದೆ. 1225ರಲ್ಲಿ ಯಾರ್ಕ್ ನ್ಯಾಯಸಭೆಯಿಂದ ತಪ್ಪಿಸಿಕೊಂಡ ರಾಬರ್ಟ್ ಹಾಡ್ ಎಂಬವನ ಸಾಮಾನಿಗೆ 32 ಶಿಲ್ಲಿಂಗ್ 6 ಪೆನ್ಸ್ ಬೆಲೆ ಕಟ್ಟಿದ್ದಾರೆ. ಅವನೇ ನಮ್ಮ ನಾಯಕ ಎನ್ನಲು ಆಧಾರ ಸಾಲದು. ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು 1262ರ ಇನ್ನೊಂದು ದಾಖಲೆ. ಬರ್ಕ್‌ಶೈರ್‌ನ ಕಮ್ಮಾರ ರಾಬರ್ಟ್‌ನ ಮಗ ವಿಲಿಯಂ ಎಂಬ ಔಟ್‌ಲಾನ ಹೆಸರನ್ನು ಒಬ್ಬ ಗುಮಾಸ್ತ ‘ವಿಲಿಯಂ ರಾಬೆಹಾಡ್’ ಎಂದು ತಿದ್ದಿ ಬರೆದಿದ್ದಾನೆ. ಆ ಹೊತ್ತಿಗೇ ಅದು ತಲೆತಪ್ಪಿಸಿಕೊಂಡವನಿಗೆ ಇಡುವ ಅಡ್ಡಹೆಸರಾಗಿತ್ತು ಎಂದು ಕಾಣುತ್ತದೆ.

ಇನ್ನು ‘ಫಾರೆಸ್ಟ್’. ಅದು ಬರೀ ಮರಗಳಿರುವ ಜಾಗವಲ್ಲ. ರಾಜನ ಬೇಟೆಗೆಂದು ಬೇರೆಯೇ ಕಾನೂನು ಹಾಕಿದ ಪ್ರದೇಶ. 1066ರ ನಂತರ ನಾರ್ಮನ್ ದೊರೆಗಳು ತಂದ ವ್ಯವಸ್ಥೆ ಇದು. ಊರು, ಹೊಲ ಕೂಡ ಅದರೊಳಗೆ ಬೀಳುತ್ತಿದ್ದವು. ಒಂದು ಕಾಲಕ್ಕೆ ಹೆಚ್ಚೂಕಡಿಮೆ ಇಡೀ ಎಸ್ಸೆಕ್ಸ್ ಕೌಂಟಿಯೇ ಫಾರೆಸ್ಟ್ ಆಗಿತ್ತು. ‘ವೆನಿಸನ್’ ಎಂದರೆ ಅಲ್ಲಿನ ಬೇಟೆಪ್ರಾಣಿ, ‘ವರ್ಟ್’ ಎಂದರೆ ಅವಕ್ಕೆ ಮೇವು, ಮರೆ ಕೊಡುವ ಹಸಿರು. ಎರಡನ್ನೂ ಮುಟ್ಟುವ ಹಾಗಿಲ್ಲ. ಊರಿನವರ ನಾಯಿ ಜಿಂಕೆಯ ಬೆನ್ನು ಹತ್ತದಿರಲಿ ಎಂದು ಅದರ ಮುಂಗಾಲಿನ ಮೂರು ಉಗುರು ಕತ್ತರಿಸಬೇಕಿತ್ತು. ಇದಕ್ಕೆ ‘ಲಾಯಿಂಗ್’ ಎಂದು ಹೆಸರು. ಕತ್ತರಿಸದ ನಾಯಿಗೆ ಮೂರು ಶಿಲ್ಲಿಂಗ್ ದಂಡ ಎಂದು 1217ರ ಫಾರೆಸ್ಟ್ ಸನ್ನದಿನಲ್ಲಿದೆ. ಅದೇ ಸನ್ನದು, ಜಿಂಕೆ ಕೊಂದದ್ದಕ್ಕೆ ಇನ್ನು ಯಾರೂ ಪ್ರಾಣವನ್ನೋ ಅಂಗವನ್ನೋ ಕಳೆದುಕೊಳ್ಳಬೇಕಿಲ್ಲ ಎಂದಿತು.

ಇಷ್ಟು ಗೊತ್ತಿದ್ದರೆ ಜೆಸ್ಟ್‌ನ ತಮಾಷೆ ತಿಳಿಯುತ್ತದೆ. ರಾಜ ಮಠಾಧಿಪತಿಯ ವೇಷದಲ್ಲಿ ಕಾಡಿಗೆ ಬರುತ್ತಾನೆ. ರಾಬಿನ್ ಅವನನ್ನು ಕೂರಿಸಿ ಅವನದೇ ಜಿಂಕೆ ಬೇಯಿಸಿ ಬಡಿಸುತ್ತಾನೆ. ಗುರುತು ಸಿಕ್ಕಿ ರಾಜಿಯಾದ ಮೇಲೆ ರಾಜ ರಾಬಿನ್‌ನಿಂದಲೇ ಹಸಿರು ಬಟ್ಟೆ ಕೊಂಡು ತೊಡುತ್ತಾನೆ. ಅದು ಲಿಂಕನ್ ಪಟ್ಟಣದ ಹೆಸರು ಹೊತ್ತ ‘ಲಿಂಕನ್ ಗ್ರೀನ್’. ಹಸಿರು ದಂಡು ನಾಟಿಂಗ್‌ಹ್ಯಾಮ್ ಕಡೆ ಬರುವುದನ್ನು ಕಂಡ ಜನ, ರಾಜನ ಕತೆ ಮುಗಿಯಿತು ಎಂದುಕೊಂಡು ದಿಕ್ಕಾಪಾಲಾಗುತ್ತಾರೆ. ನಡೆಯಲಾಗದ ಮುದುಕಿಯರೂ ಕೋಲೂರಿ ಕುಪ್ಪಳಿಸುತ್ತಾರೆ. ರಾಜನಿಗೆ ನಗು.

ನಮಗೆ ಪರಿಚಯವಿರುವ ರಾಬಿನ್ ಆಮೇಲಿನವನು. 1521ರಲ್ಲಿ ಜಾನ್ ಮೇಜರ್ ಎಂಬ ಇತಿಹಾಸಕಾರ ಅವನನ್ನು ರಿಚರ್ಡ್ ದೊರೆಯ ಕಾಲಕ್ಕೆ ತಂದ. 1598ರಲ್ಲಿ ಆಂಟನಿ ಮಂಡೆ ನಾಟಕ ಬರೆದು ಅವನನ್ನು ಹಂಟಿಂಗ್‌ಡನ್‌ನ ಅರ್ಲ್, ಅಂದರೆ ದೊಡ್ಡ ಶ್ರೀಮಂತ ಪ್ರಭು ಮಾಡಿದ. ಯೋಮನ್‌ಗೆ ಬಡ್ತಿ! 1819ರ ಕೊನೆಗೆ ಬಂದ ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ದಲ್ಲಿ ಹಳೇ ಇಂಗ್ಲೆಂಡಿಗರಾದ ಸ್ಯಾಕ್ಸನ್ನರಿಗೂ ಗೆದ್ದುಬಂದ ನಾರ್ಮನ್ನರಿಗೂ ನಡುವಿನ ಹಗೆತನ ಕತೆಗೆ ಅಂಟಿಕೊಂಡಿತು. ಹಳೇ ಪದ್ಯಗಳಲ್ಲಿ ಅದರ ಸುಳಿವೇ ಇಲ್ಲ. 1883ರಲ್ಲಿ ಅಮೆರಿಕದ ಹೊವಾರ್ಡ್ ಪೈಲ್ ಮಕ್ಕಳಿಗಾಗಿ ಬರೆದ ಪುಸ್ತಕವಂತೂ ಬೇಕೆಂದೇ ಹಳೇ ಧಾಟಿಯಲ್ಲಿದೆ. ಓದಲು ಸೊಗಸು. ಆದರೆ 15ನೇ ಶತಮಾನದವರು ಆಡಿದ ಮಾತು ಅದಲ್ಲ.

ನಿಜವಾದ ಹಳೇ ಮಾತು ಬೇಕಿದ್ದರೆ ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ಗೆ ಹೋಗಬೇಕು. ವರ್ಟ್ ಕಾಯುತ್ತಿದ್ದ ‘ವರ್ಡರರ್’ಗಳು ಅಲ್ಲಿ ಈಗಲೂ ಇದ್ದಾರೆ. ಲಿಂಡ್‌ಹರ್ಸ್ಟ್ ಊರಿನಲ್ಲಿ ಅವರ ಕೋರ್ಟು ಸೇರಿದಾಗ ಹಳೇ ಫ್ರೆಂಚ್‌ನ ‘ಓಯೇ’ ಎಂಬ ಕೂಗಿನಿಂದಲೇ ಶುರು. ಕೇಳಿರಿ ಎಂದರ್ಥ. ಆಮೇಲೆ ನಡೆಯುವುದು ಕುದುರೆ, ದನ, ಹುಲ್ಲುಗಾವಲು ಇಂಥವುಗಳ ಮಾತು.